ಕೆಮ್ಮು ನಿಂತಿತೆಂದು ಮಾತ್ರೆ ನಿಲ್ಲಿಸಬೇಡಿ

"ಡಾಕ್ಟ್ರೇ, ಈಗ ಕೆಮ್ಮಿಲ್ಲ, ಊಟ ಸೇರುತ್ತಿದೆ. ಇನ್ನೂ ಮಾತ್ರೆ ಯಾಕೆ?" ಚಿಕಿತ್ಸೆಯ ಎರಡನೇ ತಿಂಗಳಲ್ಲಿ ಅನೇಕ ಕ್ಷಯರೋಗಿಗಳು ಕೇಳುವ ಪ್ರಶ್ನೆಯಿದು. ಅಪಾಯವಿರುವುದು ಇಲ್ಲೇ.

ಕ್ಷಯ ಶಾಪವಲ್ಲ, ವಂಶಪಾರಂಪರ್ಯವೂ ಅಲ್ಲ. ಅದಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ ಎಂದು ಜರ್ಮನಿಯ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಪ್ರಕಟಿಸಿದರು. ಶ್ವಾಸಕೋಶದ ಕ್ಷಯವಿರುವವರು ಕೆಮ್ಮಿದಾಗ ರೋಗಾಣುಗಳು ಗಾಳಿಗೆ ಸೇರಿ, ಗಾಳಿಯಾಡದ ಕೋಣೆಯಲ್ಲಿ ಜೊತೆಗಿರುವವರ ಉಸಿರಿನೊಳಗೆ ಹೋಗುತ್ತವೆ. ತಟ್ಟೆ, ಲೋಟಗಳಿಂದ ಹರಡುವುದಿಲ್ಲ. ರೋಗಾಣು ಹೊಕ್ಕವರೆಲ್ಲ ಕಾಯಿಲೆ ಬೀಳುವುದೂ ಇಲ್ಲ. ಅಪೌಷ್ಟಿಕತೆ, ಸಕ್ಕರೆ ಕಾಯಿಲೆ, ಎಚ್‌ಐವಿ, ಧೂಮಪಾನ ಮುಂತಾದವುಗಳಿಂದ ದೇಹದ ನಿರೋಧಕ ಶಕ್ತಿ ಕುಗ್ಗಿದಾಗ ಅದು ತಲೆಯೆತ್ತುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನ 1 ಕೋಟಿ 8 ಲಕ್ಷ ಜನರಿಗೆ ಕ್ಷಯ ಬಂದಿತು, ಸುಮಾರು 12.5 ಲಕ್ಷ ಜನ ಅದರಿಂದ ಸತ್ತರು. ರೋಗಿಗಳಲ್ಲಿ ಸುಮಾರು ನಾಲ್ವರಿಗೊಬ್ಬರು ಭಾರತದವರು.

ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಚಿಕಿತ್ಸೆ. ಮೊದಲ ವಾರಗಳಲ್ಲೇ ಬಹುಪಾಲು ರೋಗಾಣುಗಳು ಸಾಯುವುದರಿಂದ ರೋಗಿಗೆ ಹಾಯೆನಿಸುತ್ತದೆ. ಆದರೆ ಕೆಲವು ಮೊಂಡು ರೋಗಾಣುಗಳು ಉಳಿದಿರುತ್ತವೆ. ಮಾತ್ರೆಯನ್ನು ನಡುವೆ ಬಿಟ್ಟರೆ ಅವು ಮತ್ತೆ ಬೆಳೆದು, ಔಷಧಿಗೆ ಬಗ್ಗದ ಕ್ಷಯ ಹುಟ್ಟಬಹುದು. ಅದು ಮನೆಯವರಿಗೂ ಅದೇ ರೂಪದಲ್ಲಿ ಅಂಟಬಹುದು.

ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದು ಕಂಡರೂ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಅಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಮಾತ್ರೆ ಎಂದು ನಿಲ್ಲಿಸಬೇಕೆಂಬುದನ್ನು ಮಾತ್ರ ವೈದ್ಯರಿಗೇ ಬಿಡಿ.