ರಿಪೋರ್ಟ್ ‘ನಾರ್ಮಲ್’ ಬಂತು, ಗಂಟು ಹಾಗೇ ಇದೆ: ಸಿಎ 15-3 ಏನು ಹೇಳುತ್ತೆ, ಏನು ಹೇಳಲ್ಲ?

ಇವತ್ತಿನ ಸಂಚಿಕೆ ಸಿಎ 15-3 ಅನ್ನೋ ರಕ್ತ ಪರೀಕ್ಷೆ ಬಗ್ಗೆ. ಕೂಡ್ಲಿಗಿ ತಾಲ್ಲೂಕಿನ ನಮ್ಮ ಹೊಸಹಳ್ಳಿ ಕಡೆಯೂ ಈಗ ಲ್ಯಾಬ್ ರಿಪೋರ್ಟ್ ವಾಟ್ಸಾಪ್‌ಗೇ ಬರುತ್ತೆ. ಮನೆಯಲ್ಲಿ ಅದನ್ನ ಓದಿ ಹೇಳೋರು ಬಹಳ ಸಲ ನೀವೇ. ಅವ್ವನೋ ಚಿಕ್ಕಮ್ಮನೋ ಫೋನ್ ಕೈಗೆ ಕೊಟ್ಟು, ‘ಇದ್ರಾಗೆ ಏನೈತೆ ನೋಡು’ ಅಂತಾರೆ. ನೀವು ‘ನಾರ್ಮಲ್ ಐತೆ, ಚಿಂತೆ ಮಾಡ್ಬ್ಯಾಡ’ ಅಂದುಬಿಟ್ರೆ, ಎದೆಯಲ್ಲಿ ಗಂಟಿರುವ ಹೆಣ್ಣುಮಗಳು ಡಾಕ್ಟರ್ ಹತ್ತಿರ ಹೋಗೋದನ್ನೇ ಬಿಡಬಹುದು. ಅದಕ್ಕೇ ಈ ನಂಬರ್ ಏನು ಅಂತ ಸರಿಯಾಗಿ ತಿಳ್ಕೊಳ್ಳೋಣ.

ಸ್ತನದ ಹಾಲಿನ ನಾಳಗಳ ಒಳಪದರದಲ್ಲಿರುವ ಜೀವಕೋಶಗಳ ಮೇಲೆ ಮಕ್-1 ಅನ್ನೋ ಪ್ರೋಟೀನ್ ಇರುತ್ತೆ. ಆರೋಗ್ಯವಂತ ಜೀವಕೋಶದಲ್ಲಿ ಇದು ನಾಳದ ಕಡೆಗಷ್ಟೇ ಮುಖ ಮಾಡಿರುತ್ತೆ, ರಕ್ತಕ್ಕೆ ಸೇರೋದು ಕಡಿಮೆ. ಕ್ಯಾನ್ಸರ್ ಆದಾಗ ಈ ಕಟ್ಟು ತಪ್ಪುತ್ತೆ. ಪ್ರೋಟೀನ್ ಹೆಚ್ಚಾಗಿ ತಯಾರಾಗಿ ಜೀವಕೋಶದ ಎಲ್ಲ ಬದಿಗೂ ಹರಡುತ್ತೆ, ಅದರ ತುಣುಕುಗಳು ಕಳಚಿ ರಕ್ತಕ್ಕೆ ಬೀಳ್ತವೆ. ಆ ತುಣುಕುಗಳನ್ನ ಆಂಟಿಬಾಡಿಗಳಿಂದ ಹಿಡಿದು ಅಳೆಯೋದೇ ಸಿಎ 15-3. ಸಿಎ 27.29 ಕೂಡ ಇದೇ ಪ್ರೋಟೀನನ್ನ ಇನ್ನೊಂದು ವಿಧಾನದಲ್ಲಿ ಅಳೆಯುತ್ತೆ. ಎಷ್ಟೋ ಲ್ಯಾಬ್‌ಗಳು ಸಿಎ 15-3ಕ್ಕೆ ಮಿಲಿಲೀಟರಿಗೆ ಸುಮಾರು 30 ಯೂನಿಟ್‌ವರೆಗೆ ನಾರ್ಮಲ್ ಅಂತ ಬರೀತವೆ.

ಸರಿ, ಹಾಗಾದ್ರೆ ಕ್ಯಾನ್ಸರ್ ಪತ್ತೆಗೆ ಇದೊಂದೇ ಸಾಕಲ್ವಾ? ಸಾಲದು. ಗಂಟು ಚಿಕ್ಕದಿದ್ದಾಗ ರಕ್ತಕ್ಕೆ ಬೀಳೋ ತುಣುಕುಗಳೂ ಕಡಿಮೆ. ಆರಂಭದ ಹಂತದಲ್ಲಿರುವ ಹೆಚ್ಚಿನ ರೋಗಿಗಳಲ್ಲಿ ಸಿಎ 15-3 ನಾರ್ಮಲ್ ಆಗೇ ಇರುತ್ತೆ. ಅಂದ್ರೆ ಚಿಕಿತ್ಸೆಯಿಂದ ಅತಿ ಹೆಚ್ಚು ಲಾಭ ಸಿಗೋ ಹೊತ್ತಲ್ಲೇ ಈ ಪರೀಕ್ಷೆ ಸುಮ್ಮನಿರುತ್ತೆ.

ಇದರ ಉಲ್ಟಾ ಕೂಡ ಆಗುತ್ತೆ. ಲಿವರ್ ಕಾಯಿಲೆ, ಕ್ಯಾನ್ಸರ್ ಅಲ್ಲದ ಸ್ತನದ ಗಂಟು, ಗರ್ಭಾವಸ್ಥೆ, ಬಿ12 ಕೊರತೆಯ ರಕ್ತಹೀನತೆ, ಇವುಗಳಲ್ಲೂ ಸಿಎ 15-3 ಏರಬಹುದು. ಹಾಗಾಗಿ ನಂಬರ್ ಜಾಸ್ತಿ ಬಂದ ತಕ್ಷಣ ಕ್ಯಾನ್ಸರ್ ಅಂತಲೂ ಅಲ್ಲ. ಅಮೆರಿಕದ ಕ್ಯಾನ್ಸರ್ ತಜ್ಞ ವೈದ್ಯರ ಸಂಘ ಆಸ್ಕೊ 2007ರ ಮಾರ್ಗಸೂಚಿಯಲ್ಲೇ, ರೋಗ ಪತ್ತೆಗೆ ಈ ಮಾರ್ಕರ್ ಬಳಸಬೇಡಿ ಅಂತ ಹೇಳಿದೆ.

ಹಾಗಂತ ಇದು ವ್ಯರ್ಥ ಪರೀಕ್ಷೆ ಅಲ್ಲ. ಕ್ಯಾನ್ಸರ್ ಮೂಳೆಗೋ ಲಿವರಿಗೋ ಹರಡಿದವರಲ್ಲಿ, ಔಷಧ ಕೆಲಸ ಮಾಡ್ತಿದೆಯಾ ಅಂತ ನೋಡಲು ಡಾಕ್ಟರಿಗೆ ಇದು ನೆರವಾಗುತ್ತೆ, ಅದೂ ಸ್ಕ್ಯಾನ್ ಮತ್ತು ರೋಗಿಯ ಲಕ್ಷಣಗಳ ಜೊತೆಗೆ. ಇಲ್ಲಿ ಮೂರು ವಿಷಯ ನೆನಪಿರಲಿ. ಒಂದು, ಒಂದೇ ನಂಬರ್ ನೋಡಿ ನಿರ್ಧಾರಕ್ಕೆ ಬರಬೇಡಿ, ತಿಂಗಳುಗಳಲ್ಲಿ ಅದು ಏರ್ತಿದೆಯಾ ಇಳೀತಿದೆಯಾ ಅನ್ನೋದು ಮುಖ್ಯ. ಎರಡು, ಪ್ರತಿ ಸಲ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. ವಿಧಾನ ಬದಲಾದ್ರೆ ನಂಬರೂ ಬದಲಾಗುತ್ತೆ. ಮೂರು, ಹೊಸ ಚಿಕಿತ್ಸೆಯ ಮೊದಲ 4ರಿಂದ 6 ವಾರ ನಂಬರ್ ಸುಮ್ಮನೆ ಏರಬಹುದು. ಅದನ್ನ ನೋಡಿ ಗಾಬರಿಯಾಗಿ ಔಷಧ ನಿಲ್ಲಿಸಬೇಡಿ, ಡಾಕ್ಟರನ್ನೇ ಕೇಳಿ.

ಇನ್ನೊಂದು ಗೊಂದಲ ಹರ್-2 ಬಗ್ಗೆ. ಅದೂ ಪ್ರೋಟೀನೇ. ಆದ್ರೆ ಅದನ್ನ ಸಾಮಾನ್ಯವಾಗಿ ನೋಡೋದು ರಕ್ತದಲ್ಲಲ್ಲ, ಬಯಾಪ್ಸಿಯಲ್ಲಿ ತೆಗೆದ ಗಂಟಿನ ತುಣುಕಲ್ಲಿ. ಟ್ರಾಸ್ಟುಜುಮ್ಯಾಬ್ ಅನ್ನೋ ಔಷಧ ಕೊಡಬೇಕಾ ಬೇಡವಾ ಅಂತ ತೀರ್ಮಾನ ಆಗೋದು ಅದರಿಂದ.

ಹಾಗಾದ್ರೆ ಬೇಗ ಪತ್ತೆ ಮಾಡೋದು ಹೇಗೆ? ಈ ಸಂಚಿಕೆಗೆ ಓದುವಾಗ ನನಗೆ ತುಂಬಾ ಹಿಡಿಸಿದ್ದು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅಧ್ಯಯನ. 1998ರಲ್ಲಿ ಶುರುವಾದ ಇದರಲ್ಲಿ 35ರಿಂದ 64 ವರ್ಷದ ಒಂದೂವರೆ ಲಕ್ಷ ಮಹಿಳೆಯರಿದ್ದರು. ಅವರಲ್ಲಿ ಒಂದು ಗುಂಪಿಗೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆ ಗುಂಪಿನಲ್ಲಿ ಕ್ಯಾನ್ಸರ್ ಇನ್ನೂ ಮುಂಚಿನ ಹಂತದಲ್ಲೇ ಸಿಕ್ಕಿತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ಕಡಿಮೆಯಾಯಿತು. ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದಾಗ ಮಾತ್ರ ಇಳಿಕೆ ಅಷ್ಟು ಸ್ಪಷ್ಟವಿರಲಿಲ್ಲ. ಯಾವ ದುಬಾರಿ ಯಂತ್ರವೂ ಇಲ್ಲದೆ ಆಗಿದ್ದು ಇದು.

ಈ ಪರೀಕ್ಷೆ ನಮ್ಮೂರಲ್ಲೂ ಸಿಗುವಂಥದ್ದೇ. 30 ದಾಟಿದ ಮಹಿಳೆಯರಿಗೆ ಸ್ತನ ಪರೀಕ್ಷೆ ಮಾಡೋದು ಸರ್ಕಾರಿ ಆರೋಗ್ಯ ಕೇಂದ್ರಗಳ ತಪಾಸಣಾ ಕಾರ್ಯಕ್ರಮದಲ್ಲೇ ಇದೆ. ಆಶಾ ಕಾರ್ಯಕರ್ತೆಯನ್ನ ಕೇಳಿದ್ರೆ ಎಲ್ಲಿ, ಯಾವಾಗ ಅಂತ ಹೇಳ್ತಾರೆ. ಗಂಟು ಇದ್ರೆ ಮೊದಲು ಕೂಡ್ಲಿಗಿ ತಾಲ್ಲೂಕು ಆಸ್ಪತ್ರೆಗೆ ತೋರಿಸಿ. ಅಲ್ಲಿಂದ ಮುಂದೆ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಇವೆ. ಹೋಗುವಾಗ ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಗೆ ಬೇಕಾಗುತ್ತೆ.

‘ನೋವಿಲ್ವಲ್ಲ, ಸುಗ್ಗಿ ಮುಗೀಲಿ’ ಅಂತ ಮನೆಯಲ್ಲಿ ಮುಂದೂಡ್ತಾರೆ. ಆದ್ರೆ ಸ್ತನ ಕ್ಯಾನ್ಸರ್‌ನ ಗಂಟು ಶುರುವಿನಲ್ಲಿ ಬಹಳ ಸಲ ನೋಯೋದೇ ಇಲ್ಲ. ಹೊಸ ಗಂಟು, ಮೊಲೆತೊಟ್ಟು ಒಳಗೆ ಎಳೆದುಕೊಳ್ಳೋದು, ತೊಟ್ಟಿನಿಂದ ರಕ್ತ, ಚರ್ಮ ಕುಳಿ ಬೀಳೋದು, ಇವುಗಳಲ್ಲಿ ಒಂದು ಕಂಡ್ರೂ ಡಾಕ್ಟರ್ ಕೈಯಿಂದ ಪರೀಕ್ಷೆ, ಸ್ಕ್ಯಾನ್, ಬೇಕಾದ್ರೆ ಬಯಾಪ್ಸಿ ಆಗಲೇಬೇಕು. ರಕ್ತದ ರಿಪೋರ್ಟ್ ನಾರ್ಮಲ್ ಇದ್ರೂ ಆಗಬೇಕು.

ಮುಂದಿನ ಸಂಚಿಕೆಯಲ್ಲಿ ಬಯಾಪ್ಸಿ ಬಗ್ಗೆ ಮಾತಾಡೋಣ. ಅಷ್ಟರೊಳಗೆ ಇದನ್ನ ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಕಳಿಸಿ. ಫೋನ್ ಇಲ್ಲದ ಅಜ್ಜಿ, ದೊಡ್ಡವ್ವ ಇದ್ರೆ ಕೂರಿಸ್ಕೊಂಡು ಕೇಳಿಸಿ.