ಉಳಿ ಕೊಳ್ಳುವಾಗ ಏನು ನೋಡಬೇಕು?



ಸಂಘದ ಸಾಲದಿಂದ ಹಸು, ಕೋಳಿ, ಹೊಲಿಗೆ ಯಂತ್ರ ಕೊಂಡವರು ನಮ್ಮಲ್ಲಿ ಬಹಳ ಮಂದಿ. ಮರದ ಕೆಲಸಕ್ಕೆ ಕೈ ಹಾಕಿದವರು ಕಡಿಮೆ. ಆದರೆ ಚಪಾತಿ ಮಣೆ, ಕುಳಿತುಕೊಳ್ಳುವ ಮಣೆ, ಸಣ್ಣ ಸ್ಟೂಲು, ದೀಪದ ಗೂಡು ಇವನ್ನೆಲ್ಲ ಮನೆಯ ಜಗಲಿಯಲ್ಲೇ ಕುಳಿತು ಮಾಡಬಹುದು. ಈ ಕೆಲಸಕ್ಕೆ ಗರಗಸದ ಜೊತೆಗೆ ಬೇಕೇ ಬೇಕಾದದ್ದು ಉಳಿ. ಹಣ ಪೋಲಾಗುವುದೂ ಹೆಚ್ಚಾಗಿ ಇದರಲ್ಲೇ. ಪೇಟೆಯಲ್ಲಿ ಫಳಫಳ ಹೊಳೆಯುವ ಆರೆಂಟು ಉಳಿಗಳ ಡಬ್ಬ ಕಡಿಮೆ ಬೆಲೆಗೆ ಸಿಗುತ್ತೆ. ತಂದು ಎರಡು ಗೂಡು ಕೊರೆಯುವಷ್ಟರಲ್ಲಿ ಬಾಯಿ ಮಡಚಿಕೊಳ್ಳುತ್ತೆ. ಆಮೇಲೆ "ಇದು ಹೆಂಗಸರಿಗೆ ಆಗುವ ಕೆಲಸ ಅಲ್ಲ" ಅಂತ ಮನೆಯವರು ಹೇಳಿಬಿಡುತ್ತಾರೆ. ತಪ್ಪು ಕೈಯದ್ದಲ್ಲ, ಕಬ್ಬಿಣದ್ದು.

ಹಾಗಾದರೆ ಎಷ್ಟು ಉಳಿ ಬೇಕು? ಶುರುವಿಗೆ ಮೂರು ಸಾಕು ಎನ್ನುವುದು ನಮ್ಮ ಅಭಿಪ್ರಾಯ. ಕಾಲು ಇಂಚು, ಅರ್ಧ ಇಂಚು, ಒಂದು ಇಂಚು. ಅಂಗಡಿಯ ಲೆಕ್ಕದಲ್ಲಿ ಸುಮಾರು 6, 12, 25 ಮಿ.ಮೀ. ಸ್ಟೂಲಿನ ಕಾಲು ಕೂರಿಸುವ ಗೂಡಿಗೆ ಅರ್ಧ ಇಂಚಿನದು, ಸಂದಿ ಮೂಲೆಗೆ ಕಾಲು ಇಂಚಿನದು, ಮೇಲ್ಮೈ ಸಮ ಮಾಡಲು ಒಂದು ಇಂಚಿನದು. ಎಂಟು ಉಳಿಯ ಡಬ್ಬ ಕೊಂಡರೂ ದಿನಾ ಕೈಗೆ ಬರುವುದು ಈ ಮೂರೇ. ಅದೇ ಹಣದಲ್ಲಿ ಮೂರು ಒಳ್ಳೆಯವನ್ನು ತನ್ನಿ.

ಸಾಗರ, ಸೊರಬದ ಗುಡಿಗಾರರ ಹತ್ತಿರ ಬಗೆಬಗೆಯ ಸಣ್ಣ ಉಳಿಗಳಿರುತ್ತವೆ. ಅದು ಕೆತ್ತನೆಯ ಕೆಲಸ. ಚನ್ನಪಟ್ಟಣದಲ್ಲಿ ಆಲೆಮರದ ಗೊಂಬೆ ಮಾಡುವವರ ಉಳಿಯೂ ಬೇರೆ. ಅದನ್ನು ಯಂತ್ರದಲ್ಲಿ ತಿರುಗುವ ಮರಕ್ಕೆ ಹಿಡಿಯುವುದು, ಕೊಡತಿಯಿಂದ ಹೊಡೆಯುವುದಲ್ಲ. ಅಂಗಡಿಯಲ್ಲಿ "ಬಡಗಿ ಕೆಲಸದ ಉಳಿ" ಅಂತಲೇ ಕೇಳಿ.

ಈಗ ಉಕ್ಕಿನ ವಿಚಾರ. ಉಳಿಯ ಬಾಯಿ ಗಟ್ಟಿಯಾಗಿರಬೇಕು, ಆದರೆ ಗಾಜಿನ ಹಾಗೆ ಸಿಡಿಯಬಾರದು. ಅದಕ್ಕೇ ಕಮ್ಮಾರರು ಉಕ್ಕನ್ನು ಕೆಂಪಗೆ ಕಾಸಿ, ತಣಿಸಿ, ಮತ್ತೆ ಹದವಾಗಿ ಬಿಸಿ ಮಾಡುತ್ತಾರೆ. ಕಂಪನಿಯ ಉಳಿಯಲ್ಲೂ ನಡೆಯುವುದು ಇದೇ. ಮೇಲೆ 'ಕ್ರೋಮ್ ವೆನೇಡಿಯಂ' ಅಂತ ಅಚ್ಚು ಹಾಕಿದ್ದರೆ ಅದು ಉಕ್ಕಿನ ಜಾತಿ ಅಷ್ಟೆ. ಹದ ಸರಿಯಾಗಿದೆ ಎನ್ನಲು ಅದು ಸಾಕ್ಷಿಯಲ್ಲ. ಅಂಗಡಿಯವರು ಒಪ್ಪಿದರೆ ಬಾಯಿಯ ಹತ್ತಿರ, ಪಕ್ಕದ ಅಂಚಿನಲ್ಲಿ ಒಂದು ಅರವನ್ನು ಹಗುರವಾಗಿ ಎಳೆದು ನೋಡಿ. ಅರ ಜಾರಿಕೊಂಡು ಹೋದರೆ ಉಕ್ಕು ಗಟ್ಟಿ. ಸುಲಭವಾಗಿ ಕಚ್ಚಿ ಪುಡಿ ಉದುರಿದರೆ ಮೆತ್ತಗಿದೆ, ಬೇಡ. ಊರಲ್ಲಿ ಕುಲುಮೆ ಇದ್ದರೆ ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿಯಿಂದಲೂ ಬಹಳ ಒಳ್ಳೆ ಉಳಿ ಮಾಡಿಸಬಹುದು.

ಬಾಯಿಯನ್ನೇ ಎಲ್ಲರೂ ನೋಡುತ್ತಾರೆ, ಬೆನ್ನನ್ನು ತಿರುಗಿಸಿ ನೋಡುವವರು ಕಡಿಮೆ. ಹರಿತ ಅಂದರೆ ಏನು? ಎರಡು ಮುಖ ಸೇರುವ ಗೆರೆ. ಒಂದು ಮುಖ ಇಳಿಜಾರು, ಇನ್ನೊಂದು ಬೆನ್ನು. ಬೆನ್ನು ಡೊಂಕಾಗಿದ್ದರೆ ಇಳಿಜಾರನ್ನು ಎಷ್ಟು ಮಸೆದರೂ ಹರಿತ ಬರದು. ಸ್ಟೀಲ್ ಸ್ಕೇಲನ್ನು ಬೆನ್ನಿಗೆ ಒತ್ತಿ ಬೆಳಕಿಗೆ ಹಿಡಿಯಿರಿ. ಬಾಯಿಯ ಹತ್ತಿರ ಸಂದಿಯಲ್ಲಿ ಬೆಳಕು ಕಂಡರೆ ಬೇರೆ ಉಳಿ ತೆಗೆಸಿ. ಹಳೆಯ ಆಚಾರಿಗಳ ಮನೆಯಲ್ಲಿ ಉಳಿ ಸಿಕ್ಕರೆ ತುಕ್ಕು ಇದೆ ಅಂತ ಬಿಡಬೇಡಿ. ಬೆನ್ನಿನಲ್ಲಿ, ಬಾಯಿಯ ಪಕ್ಕದಲ್ಲೇ ತುಕ್ಕು ಗುಳಿ ಬಿದ್ದಿದ್ದರೆ ಮಾತ್ರ ಬಿಡಿ.

ಹಿಡಿಯನ್ನು ನಿಮ್ಮದೇ ಕೈಯಲ್ಲಿ ಹಿಡಿದು ನೋಡಿ, ಗಂಡನನ್ನು ಅಂಗಡಿಗೆ ಕಳಿಸಿ ತರಿಸಬೇಡಿ. ಬೆರಳು ಸುತ್ತ ಸರಿಯಾಗಿ ಕೂರಬೇಕು. ಮರದ ಹಿಡಿಯಾದರೆ ಹೊಡೆಯುವ ತುದಿಗೆ ಕಬ್ಬಿಣದ ಬಳೆ ಇರಲಿ, ಇಲ್ಲದಿದ್ದರೆ ಸೀಳುತ್ತೆ. ಹೊಡೆಯುವುದು ಕೊಡತಿಯಿಂದ, ಕಬ್ಬಿಣದ ಸುತ್ತಿಗೆಯಿಂದ ಅಲ್ಲ. ಹುಣಸೆ ಮರದ ತುಂಡು ಸಿಕ್ಕರೆ ಕೊಡತಿ ಮನೆಯಲ್ಲೇ ಆಗುತ್ತೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇವೆ: ಹೊಸ ಉಳಿ ಸಾಮಾನ್ಯವಾಗಿ ಕೆಲಸಕ್ಕೆ ತಯಾರಾಗಿ ಬರುವುದಿಲ್ಲ. ಹತ್ತು ರೂಪಾಯಿಯಲ್ಲಿ ಆರು ಉಳಿಗೆ ಅಂತಾದರೆ ನಾಲ್ಕು ಸಾಣೆಕಲ್ಲಿಗೆ ಎತ್ತಿಡಿ. ಒಂದು ಮುಖ ಒರಟು, ಒಂದು ಮುಖ ನಯ ಇರುವ ಕಲ್ಲು ತನ್ನಿ. ಮೊದಲು ಬೆನ್ನನ್ನು ಕಲ್ಲಿನ ಮೇಲೆ ಮಲಗಿಸಿ, ತುದಿಯ ಅರ್ಧ ಇಂಚು ಸಮನಾಗಿ ಹೊಳೆಯುವ ತನಕ ಉಜ್ಜಿ. ಇದು ಒಮ್ಮೆ ಮಾಡಿದರೆ ಆಯ್ತು. ಆಮೇಲೆ ಇಳಿಜಾರು. ಕೋನ ಅಳೆಯಲು ಸಾಧನ ಬೇಡ: ಉಳಿಯ ದಪ್ಪ 3 ಮಿ.ಮೀ. ಇದ್ದು ಇಳಿಜಾರಿನ ಉದ್ದ 6 ಮಿ.ಮೀ. ಇದ್ದರೆ 30 ಡಿಗ್ರಿ, 7 ಮಿ.ಮೀ. ಇದ್ದರೆ ಸುಮಾರು 25. ಸಿಲ್ವರ್ ಓಕ್‌ನಂಥ ಮೆತ್ತನೆ ಮರಕ್ಕೆ 25, ಜಾಲಿ, ಹುಣಸೆಯಂಥ ಗಟ್ಟಿ ಮರಕ್ಕೆ 30. ಉಜ್ಜುತ್ತಾ ಹೋದ ಹಾಗೆ ಬೆನ್ನಿನ ಕಡೆ ಕೂದಲೆಳೆಯಷ್ಟು ಸಣ್ಣ ಮುಳ್ಳಂಚು ಏಳುತ್ತೆ. ಅದು ಬಂದರೆ ಹರಿತ ತುದಿ ಮುಟ್ಟಿದೆ ಅಂತ ಅರ್ಥ. ನಯ ಮುಖದಲ್ಲಿ ಅದನ್ನು ತೆಗೆದು, ಹಳೆ ಚರ್ಮದ ಬೆಲ್ಟಿನ ಮೇಲೆ ನಾಲ್ಕು ಸಲ ಹಿಂದಕ್ಕೆಳೆಯಿರಿ. ಹರಿತವನ್ನು ಹೆಬ್ಬೆರಳಿನಲ್ಲಿ ನೋಡಬೇಡಿ. ಮೆತ್ತನೆ ಮರದ ತುದಿಯನ್ನು ಹೆರೆದು ನೋಡಿ.

ಸೈಕಲ್ಲಿನಲ್ಲಿ ಸಾಣೆ ಹಿಡಿಯುವವರು ಬಂದಾಗ ಕತ್ತಿ, ಈಳಿಗೆಯ ಜೊತೆ ಉಳಿಯನ್ನೂ ಕೊಡುವ ಅಭ್ಯಾಸ ಇದೆ. ಕೊಡುವುದಾದರೆ ಪಕ್ಕದಲ್ಲೇ ನಿಂತು ನೋಡಿ. ಒಣ ಚಕ್ರದ ಬಿಸಿಗೆ ಬಾಯಿ ನೀಲಿ ಬಣ್ಣಕ್ಕೆ ತಿರುಗಿದರೆ ಅಷ್ಟು ಭಾಗದ ಹದ ಹೋಯಿತು. ಅಡಿಗಡಿಗೆ ನೀರಿಗೆ ಅದ್ದಲು ಹೇಳಿ.

ಮೊಂಡ ಉಳಿಯೇ ಹೆಚ್ಚು ಅಪಾಯ. ಅದನ್ನು ಒತ್ತಿ ತಳ್ಳಬೇಕು, ಒತ್ತಿದ್ದು ಜಾರುತ್ತೆ. ಮರವನ್ನು ಕೈಯಲ್ಲಿ ಹಿಡಿಯದೆ ಬಿಗಿ ಮಾಡಿ, ಎರಡೂ ಕೈ ಬಾಯಿಯ ಹಿಂದೆ ಇರಲಿ.

ಐದಾರು ಜನ ಸೇರಿ ಈ ಕೆಲಸ ಶುರು ಮಾಡುವುದಾದರೆ ಕಲ್ಲು ಒಂದೇ ಸಾಕು, ಸಂಘದ ಹೆಸರಿನಲ್ಲೇ ಇರಲಿ. ಉಳಿ ಮಾತ್ರ ಅವರವರದ್ದೇ ಆಗಿರಲಿ. ನಾಲ್ಕು ಕೈ ಮಸೆದರೆ ನಾಲ್ಕು ಕೋನ ಆಗುತ್ತೆ. ಮಳೆಗಾಲದಲ್ಲಿ ತೆಳ್ಳಗೆ ಎಣ್ಣೆ ಸವರಿಡಿ. ಹೊಲಿಗೆ ಬಲ್ಲವರು ಹಳೆ ಜೀನ್ಸ್ ಬಟ್ಟೆಯಲ್ಲಿ ಒಂದೊಂದು ಉಳಿಗೆ ಒಂದೊಂದು ಜೇಬು ಹೊಲಿದು ಸುತ್ತಿಡಬಹುದು. ಜೇಬಿನ ತಳಕ್ಕೆ ಚರ್ಮದ ಚೂರು ಹಾಕಿ, ಇಲ್ಲವಾದರೆ ಬಾಯಿ ಬಟ್ಟೆ ಹರಿದು ಹೊರಗೆ ಬರುತ್ತೆ.