ಏತವೆಂಬ ಮಾತಿನ ಆಯುಸ್ಸು

ಕೃಷ್ಣೆ ತುಂಗಭದ್ರೆಗಳ ನಡುವೆ ಹರಡಿಕೊಂಡು, ಹಿಂದಿನ ಕನ್ನಡ ಶಾಸನಗಳಲ್ಲಿ ಎಡೆದೊರೆನಾಡೆಂದು ಹೆಸರಾಗಿದ್ದ ಸೀಮೆಯ ಮೂಡಣ ಅಂಚಿನಲ್ಲಿ ಗದ್ವಾಲವಿದೆ. ಎರಡು ಮಹಾನದಿಗಳ ಮಧ್ಯದಲ್ಲಿದ್ದರೂ ಇಲ್ಲಿಯ ರೈತನಿಗೆ ನೀರು ಸುಲಭಸಾಧ್ಯವಾಗಿರಲಿಲ್ಲ. ಹೊಳೆ ತಗ್ಗಿನಲ್ಲಿ ಹರಿಯುವುದು, ಹೊಲ ದಿಬ್ಬದಲ್ಲಿರುವುದು. ಕೆಳಗಿನದನ್ನು ಮೇಲಕ್ಕೆ ತರುವ ಈ ಪ್ರಯಾಸವೇ ಬಾವಿಕಟ್ಟೆಯಲ್ಲಿಯೂ ಹಡಗುಕಟ್ಟೆಯಲ್ಲಿಯೂ ಗಣಿಯ ಬಾಯಲ್ಲಿಯೂ ನಾನಾ ಸಾಧನಗಳನ್ನೂ, ಅವಕ್ಕೊಪ್ಪುವ ಸ್ವಾರಸ್ಯಕರವಾದ ಹೆಸರುಗಳನ್ನೂ ಹುಟ್ಟಿಸಿತು.

ಅವುಗಳಲ್ಲಿ ಸರಳವಾದುದು ಏತ, ಆಡುಮಾತಿನಲ್ಲಿ ಯಾತ. ನೆಟ್ಟ ಕಂಬದ ಮೇಲೆ ಉದ್ದನೆಯ ತೊಲೆಯೊಂದನ್ನು ತಕ್ಕಡಿಯ ದಂಡಿಗೆಯಂತೆ ತೂಗಬಿಟ್ಟು, ಒಂದು ತುದಿಗೆ ನೀರಿನ ಪಾತ್ರೆಯನ್ನು ಇಳಿಬಿಟ್ಟು, ಮತ್ತೊಂದು ತುದಿಯಲ್ಲಿ ಕಲ್ಲಿನ ಭಾರವನ್ನಿಡುವುದು, ಇಲ್ಲವೆ ತೊಲೆಯ ಮೇಲೆಯೇ ಆಳು ಹಿಂದೆ ಮುಂದೆ ನಡೆದು ತನ್ನ ಮೈಭಾರದಿಂದ ಅದನ್ನು ಏರಿಳಿಸುವುದು ಇದರ ಕ್ರಮ. ತಮಿಳಿನ ಏಟ್ರಂ, ತೆಲುಗಿನ ಏತಮು ಇದರ ಸೋದರಪದಗಳು. ಏರು ಎಂಬ ಕ್ರಿಯೆಯೇ ಇವುಗಳ ಮೂಲ.

ಆಳವಾದ ಬಾವಿಗೆ ಏತ ಸಾಲದು. ಅಲ್ಲಿ ಕಪಿಲೆ ಬೇಕು. ತೆಲುಗರು ಇದನ್ನು ಮೋಟ ಎನ್ನುವರು. ಬಾವಿಯ ಮೇಲಣ ರಾಟೆಯಲ್ಲಿ ಹಾದುಬರುವ ದಪ್ಪ ಮಿಣಿಗೆ ತೊಗಲಿನ ಚೀಲವನ್ನು ಕಟ್ಟಿ, ಜೋಡೆತ್ತುಗಳನ್ನು ಇಳಿಜಾರಿನಲ್ಲಿ ನಡೆಸಿದರೆ ಚೀಲ ಮೇಲೇರುವುದು. ಆನೆಯ ಸೊಂಡಿಲಿನಂತಿರುವ ಅದರ ತೊಗಲಿನ ಬಾಯನ್ನು ಮತ್ತೊಂದು ಸಣ್ಣ ಹಗ್ಗವು ಕೆಳಗಿನ ಉರುಳೆಯ ಮೇಲಿನಿಂದ ಸೆಳೆದು, ನೀರನ್ನು ತಾನಾಗಿಯೇ ಕಾಲುವೆಗೆ ಸುರಿಸುವುದು. ನೆಲೆಯಾಗಿ ನಿಂತ ರಾಟೆಯು ಭಾರವನ್ನು ಕಡಮೆ ಮಾಡುವುದಿಲ್ಲ, ಬಲದ ದಿಕ್ಕನ್ನು ಮಾತ್ರ ತಿರುಗಿಸುತ್ತದೆ. ಇಳಿಜಾರಿನಲ್ಲಿ ಎತ್ತಿನ ಸ್ವಂತ ತೂಕವೂ ಕೆಲಸಕ್ಕೆ ಒದಗುವಂತೆ ಮಾಡಿದ್ದು ನಮ್ಮ ಹಿರಿಯರ ಜಾಣ್ಮೆ. ನೀರನ್ನು ಎತ್ತುವುದಕ್ಕೂ ಎತ್ತಿಗೂ ಇಂದು ಒಂದೇ ಉಚ್ಚಾರಣೆಯಿದ್ದರೂ ಇವೆರಡೂ ಒಂದೇ ಬೇರಿನವಲ್ಲ. ಹಳಗನ್ನಡದಲ್ಲಿ ಪಶುವಿಗೆ ಎೞ್ತು ಎಂದು ಬೇರೆಯೇ ರೂಪವಿತ್ತು.

ಈ ಏತಕ್ಕೆ ಕಡಲ ಸಂಬಂಧವೂ ಒಂದುಂಟು. ಆಂಗ್ಲರು ಇದನ್ನು ಪಿಕೋಟ ಎಂದು ಬರೆದರು. 1886ರ ಹಾಬ್ಸನ್-ಜಾಬ್ಸನ್ ಕೋಶವು ಈ ಮಾತನ್ನು ಪೋರ್ಚುಗೀಸರ ನಾವಿಕಭಾಷೆಗೆ, ಹಡಗಿನ ನೀರೆತ್ತುವ ಯಂತ್ರದ ಭಾಗವೊಂದಕ್ಕೆ, ಜೋಡಿಸುತ್ತದೆ. ಕಡಲಿನಿಂದ ಬಂದವನು ನಮ್ಮ ಹೊಲದ ತೊಲೆಯಲ್ಲಿ ತನ್ನ ಹಡಗಿನ ಉಪಕರಣವನ್ನೇ ಕಂಡನು. ಅದೇ ಪೋರ್ಚುಗೀಸಿನಿಂದ ಬಂದ ಅರಿಯಾ, ಎಂದರೆ ಇಳಿಬಿಡು ಎಂಬ ಕೂಗು, ಭಾರತೀಯ ಖಲಾಸಿಗಳ ಬಾಯಲ್ಲಿ ನೆಲೆಸಿತು. ಇಂಥ ನಾವಿಕರ ಮಾತುಗಳನ್ನು ಥಾಮಸ್ ರೋಬಕ್ ಎಂಬಾತನು 1811ರಲ್ಲಿಯೇ ಕೋಶವಾಗಿ ಪ್ರಕಟಿಸಿದನು. ಹಡಗಿನ ಸರಕನ್ನೆತ್ತುವ ತೊಲೆಯಾದ ಡೆರಿಕ್ಕಿಗೆ ಹೆಸರು ಬಂದದ್ದು ಸುಮಾರು 1600ರ ಕಾಲದಲ್ಲಿ ಲಂಡನ್ನಿನಲ್ಲಿದ್ದ ಡೆರಿಕ್ ಎಂಬ ಗಲ್ಲಿಗೇರಿಸುವವನಿಂದ. ಕ್ರೇನಿಗೆ, ಕತ್ತು ನೀಳವಾದ ಕ್ರೌಂಚಪಕ್ಷಿಯಿಂದ.

ಇನ್ನು ಗಣಿ. 1956ರ ನವೆಂಬರಿನವರೆಗೆ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿಯೇ ಇದ್ದುವು. ಹಟ್ಟಿಯ ಚಿನ್ನದ ಗಣಿಯೂ ಅದೇ ಜಿಲ್ಲೆಯದು. ಅಲ್ಲಿಯ ಪ್ರಾಚೀನರು ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಒಡೆದು, ಯಂತ್ರಗಳಿಲ್ಲದ ಕಾಲದಲ್ಲಿ 600 ಅಡಿಗೂ ಕೆಳಗಿಳಿದಿದ್ದರೆಂಬುದು ವಿಸ್ಮಯಾವಹವಾದ ಸಂಗತಿ. ಇಂದು ಹಟ್ಟಿಯ ಮಲ್ಲಪ್ಪ ಶಾಫ್ಟಿನಂತಹ ಬಾಯಿಗಳ ಮೇಲೆ ಉಕ್ಕಿನ ಗೋಪುರ ನಿಂತಿದೆ. ಅದರ ನೆತ್ತಿಯ ಗಾಲಿಯ ಮೇಲೆ ಉಕ್ಕಿನ ಹಗ್ಗವು ಓಡುತ್ತದೆ. ಜನರನ್ನು ಇಳಿಸಿ ಏರಿಸುವುದು ಕೇಜು, ಅದಿರನ್ನು ತರುವುದು ಸ್ಕಿಪ್ಪು. ಮಾತುಗಳು ಪರದೇಶದವು, ಆದರೂ ಆ ನೋಟವನ್ನು ಸ್ವಲ್ಪ ಹೊತ್ತು ದಿಟ್ಟಿಸಿದವನಿಗೆ ಮೇಲೆ ರಾಟೆ, ನಡುವೆ ಮಿಣಿ, ಕೆಳಗೆ ಚೀಲ, ಎಳೆಯುವ ಎತ್ತಿನ ಸ್ಥಾನದಲ್ಲಿ ವಿದ್ಯುಚ್ಛಕ್ತಿ, ಹೀಗೆ ಕಪಿಲೆಯೇ ಬೃಹದಾಕಾರವಾಗಿ ಗೋಚರಿಸುವುದು.

ಈಗ ಗದ್ವಾಲದ ಬಾವಿಗಳ ಮೇಲೆ ಏತದ ಮರವನ್ನು ಹುಡುಕುವುದು ವ್ಯರ್ಥ. ಆದರೆ ಜುರಾಲಾ ಜಲಾಶಯದ ಕೃಷ್ಣಾಜಲವನ್ನು ಎತ್ತರದ ಹೊಲಗಳಿಗೆ ಒಯ್ಯುವ ನೆಟ್ಟೆಂಪಾಡಿನಂತಹ ಯೋಜನೆಗಳಿಗೆ ತೆಲುಗಿನಲ್ಲಿ ಎತ್ತಿಪೋತಲವೆಂದೂ ಕನ್ನಡದಲ್ಲಿ ಏತ ನೀರಾವರಿಯೆಂದೂ ಹೆಸರು. ಕ್ರೇನೆಂದವನಿಗೆ ಹಕ್ಕಿಯ ನೆನಪಿಲ್ಲ, ಡೆರಿಕ್ಕೆಂದವನಿಗೆ ಗಲ್ಲುಮರದ ನೆನಪಿಲ್ಲ. ಆಕಾರವನ್ನು ನಂಬಿ ಇಟ್ಟ ಹೆಸರಿನ ಅರ್ಥವು ಕಾಲಾನಂತರ ಮಸುಕಾಗುವುದು. ನಮ್ಮವರು ತೊಲೆಗೂ ಕಂಬಕ್ಕೂ ಹೆಸರಿಡದೆ ಏರಿಸುವ ಕ್ರಿಯೆಗೇ ಹೆಸರಿಟ್ಟರು. ಆದುದರಿಂದಲೇ, ತೊಲೆ ಸುಟ್ಟು ಬೂದಿಯಾದ ಮೇಲೆಯೂ, ಏತವನ್ನು ಕಣ್ಣಿನಿಂದ ಕಾಣದ ಹುಡುಗನು ಪಂಪಿನ ಮನೆಯ ಮುಂದೆ ನಿಂತು ಆ ಹೆಸರನ್ನು ಓದಿದರೆ, ಅದು ಸುಳ್ಳಾಗಿ ಕೇಳುವುದಿಲ್ಲ.